ಸಹಾಯ ಬೇಕು: ಕೀಮೋ ಆದವರು ಜ್ವರ ಬಂದರೂ ತಡವಾಗಿ ಬರುತ್ತಾರೆ, ಏನು ಮಾಡೋದು?

ನಮಸ್ಕಾರ. ನಾನು ಮೆಡಿಕಲ್ ಕಾಲೇಜು ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರ್ ಡಾಕ್ಟರ್. ಕೀಮೋ ಕೊಟ್ಟು 7ರಿಂದ 14 ದಿನದ ಹೊತ್ತಿಗೆ ಸಾಮಾನ್ಯವಾಗಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ತೀರಾ ಇಳಿದಿರುತ್ತವೆ, ಗೊತ್ತಲ್ವಾ. ಆಗ 100.4 ಡಿಗ್ರಿ ಜ್ವರ ಬಂದರೂ ತಕ್ಷಣ ಬರಬೇಕು. ಬಂದ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಹೋಗಬೇಕು. ಆದರೆ ಹಳ್ಳಿ ಕಡೆಯವರು ಪ್ಯಾರಾಸಿಟಮಾಲ್ ನುಂಗಿ, 'ಬೆಳಿಗ್ಗೆ ನೋಡೋಣ' ಅಂತ ಮಲಗುತ್ತಾರೆ. ರಾತ್ರಿ ಬಸ್ಸೂ ಇರಲ್ಲ, ಅವರನ್ನ ಬೈದು ಏನು ಪ್ರಯೋಜನ?

ಡಿಸ್ಚಾರ್ಜ್ ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದೆವು. ಅದು ಸ್ಕ್ಯಾನ್ ಕವರಿನೊಳಗೆ ಮಡಚಿದಂತೆಯೇ ವಾಪಸ್ ಬರುತ್ತದೆ. ಪಿಜಿ ವಿದ್ಯಾರ್ಥಿಗಳಿಂದ ಫೋನ್ ಮಾಡಿಸಿದಾಗ ಪರವಾಗಿಲ್ಲ ಅನ್ನಿಸಿತ್ತು. ಪೋಸ್ಟಿಂಗ್ ಬದಲಾದ ಕೂಡಲೇ ಅದೂ ನಿಂತಿತು.

ಈ ಫೋನ್ ಕೆಲಸ ಯಾರಿಗೆ ವಹಿಸಿದರೆ ನಿಲ್ಲದೆ ನಡೆಯುತ್ತದೆ: ವಾರ್ಡಿನ ನರ್ಸ್‌ಗೋ, ಊರಿನ ಆಶಾ ಕಾರ್ಯಕರ್ತೆಗೋ? ಮಾಡಿ ನೋಡಿದವರು ದಯವಿಟ್ಟು ಹೇಳ್ತೀರಾ?