ಡ್ರ್ಯಾಗನ್‌ಗೆ ಯಾವ ಪದ? (ಶನಿವಾರ ಪೇಂಟರ್ ಬರ್ತಾರೆ)

ಎಲ್ಲರಿಗೂ ನಮಸ್ಕಾರ. ಮೊನ್ನೆ ಕೇಳಿದ್ದೇ ಮತ್ತೆ ಕೇಳ್ತಿದೀನಿ. ವಿರಾಜಪೇಟೆ ಹತ್ರ ನಮ್ಮ ಶಾಲೆ ಲೈಬ್ರರಿ ಗೋಡೆ ಮೇಲೆ ಕಥೆಗಳಲ್ಲಿ ಬರೋ ಪ್ರಾಣಿಗಳ ಚಿತ್ರ ಬರೆಸ್ತಿದೀವಿ, ಕೆಳಗೆ ಕನ್ನಡದಲ್ಲಿ ಹೆಸರು. ಗಂಡಭೇರುಂಡ, ಶರಭ, ಮಕರ ಆಯ್ತು. ಡ್ರ್ಯಾಗನ್ ಒಂದೇ ಬಾಕಿ. ಮೊನ್ನೆ ನೀವು ಕೊಟ್ಟ ಉತ್ತರಗಳನ್ನ ಹಾಕಿ ಒಂದೊಂದಕ್ಕೂ ಹೇಳ್ತೀನಿ.

> ಘಟಸರ್ಪ. ಇದರಲ್ಲಿ ಚರ್ಚೆ ಏನಿದೆ?

ಇದೆ ಸಾರ್. ಘಟ ಅಂದ್ರೆ ಮಡಕೆ. ಮಡಕೇಲಿ ಹಾವಿಟ್ಟು ಕೈ ಹಾಕಿಸಿ ಸತ್ಯಪರೀಕ್ಷೆ ಮಾಡ್ತಿದ್ರಲ್ಲ, ಆ ಹಾವು. ಆಮೇಲೆ ದೊಡ್ಡ ವಿಷದ ಹಾವಿಗೂ ಅಂದ್ರು, ಇರ್ಲಿ. ಅದಕ್ಕೆ ಕಾಲುಂಟಾ, ರೆಕ್ಕೆ ಉಂಟಾ, ಬೆಂಕಿ ಉಗುಳ್ತದಾ?

> ಯಾಳಿ ಅನ್ನಿ. ನಮ್ಮಲ್ಲಿ ಪದ ಇರುವಾಗ ಎರವಲು ಯಾಕೆ.

ಯಾಳಿಗೆ ಸಿಂಹದ ಮೈ, ಎಷ್ಟೋ ಕಡೆ ಆನೆ ಸೊಂಡಿಲು. ನಾಳೆ ನಮ್ಮ ಮಗು ದೇವಸ್ಥಾನದ ಕಂಬದ ಮುಂದೆ ನಿಂತು ಇದು ಬೆಂಕಿ ಉಗುಳೋದು ಅಂದ್ರೆ? ಪದ ಉಳಿಸೋಕೆ ಹೋಗಿ ಪ್ರಾಣೀನೇ ಕಳ್ಕೊಂಡ ಹಾಗಾಯ್ತು. ಎರವಲು ಬೇಡ ಅನ್ನೋದಾದ್ರೆ ಘಟಸರ್ಪದ ಎರಡು ತುಂಡೂ ಸಂಸ್ಕೃತ, ಅದನ್ನ ಯಾರೂ ಕೇಳಲಿಲ್ಲ. ಗ್ರೀಕಿನ ಡ್ರಾಕೋನ್ ಕೂಡ 'ನೋಡು' ಅನ್ನೋ ಧಾತುವಿಂದ ಬಂದದ್ದು ಅಂತಾರೆ, ನಮ್ಮ ದೃಷ್ಟಿಯ ದೃಶ್ ಅದರ ಒಡಹುಟ್ಟು. ಅಷ್ಟೊಂದು ಪರಕೀಯ ಏನಲ್ಲ.

ಹೆಸರು ಒಂದೇ ಆಗಿ ಮೃಗ ಬೇರೆ ಆದ್ರೆ ಏನಾಗ್ತದೆ ಅಂತ ಕೊಡಗಿನವರಿಗೆ ಚೆನ್ನಾಗಿ ಗೊತ್ತು. ಕೊಡವ ತಕ್ಕ್‌ನಲ್ಲಿ, ಅಂದ್ರೆ ಕೊಡವರ ಭಾಷೇಲಿ, ನರಿ ಅಂದ್ರೆ ಹುಲಿ. ಹುಲಿ ಹೊಡೆದವನನ್ನ ಮದುಮಗನ ಹಾಗೆ ಕೂರಿಸಿ ಗೌರವ ಮಾಡ್ತಿದ್ದದ್ದು ನರಿ ಮಂಗಲ. ಅಜ್ಜನ ಮನೆ ಗೋಡೇಲಿ ಅಂಥದ್ದೊಂದು ಹಳೇ ಫೋಟೋ ಉಂಟು, ಗಾಜಿನ ಒಳಗೆ ಕಾಗದ ಹಳದಿಯಾಗಿದೆ, ಕೆಳಗೆ ಶಾಯೀಲಿ 'ನರಿ ಮಂಗಲ' ಅಂತ. ಮೈಸೂರಿನ ಗೆಳತಿ ಅದನ್ನ ಓದಿ, ಬಿಸಿಲು ಮಳೆ ಒಟ್ಟಿಗೆ ಬಂದಾಗ ಕಾಗೆ ನರಿ ಮದುವೆ ಅಂತಾರಲ್ಲ ಅದಾ ಅಂದ್ಲು. ನಂಗೆ ಬೇಜಾರಾಯ್ತು, ಅವಳದ್ದೇನೂ ತಪ್ಪಿಲ್ಲ.

ನಮ್ಮ ಮಕ್ಕಳು ಡ್ರ್ಯಾಗನ್ ನೋಡಿಲ್ಲ ಅನ್ನಬೇಡಿ. ಕುಶಾಲನಗರ ದಾಟಿದ್ರೆ ಬೈಲಕುಪ್ಪೆ, ಅಲ್ಲಿ ಗೋಲ್ಡನ್ ಟೆಂಪಲ್ ಒಳಗೆ ಚಿನ್ನದ ಬಣ್ಣದ್ದು ಕಂಬ ಸುತ್ಕೊಂಡು ನಿಂತಿದೆ. ಎರಡನೇ ಕ್ಲಾಸಿನವನು ಅದರ ಉಗುರು ಎಣಿಸ್ತಾ ಕೂತ್ಬಿಟ್ಟ, ಹಾವು ಅನ್ನಲಿಲ್ಲ, ಡ್ರ್ಯಾಗನ್ ಅಂದ. ಟಿಬೆಟಿಯನ್ನರು ಅದಕ್ಕೆ ದ್ರುಕ್ ಅಂತಾರೆ, ಗುಡುಗಿಗೂ ಅವರಲ್ಲಿ ಅದೇ ಪದ. ಚೀನಾದ್ದಕ್ಕೆ ಸಾಮಾನ್ಯವಾಗಿ ರೆಕ್ಕೆ ಇಲ್ಲ, ಅದು ಮಳೆ ತರೋದು. ನಮ್ಮ ಗೋಡೇಲಿರೋದು ಯುರೋಪಿನ ಕಥೆಯದ್ದು, ರೆಕ್ಕೆ ಬೆಂಕಿ ಎರಡೂ ಉಂಟು.

ಹಾಗಾಗಿ ಡ್ರ್ಯಾಗನ್ ಅಂತಲೇ ಬರೆಸ್ತೀನಿ. ಒಂದೇ ಸಹಾಯ ಮಾಡಿ: ಡ್ರ್ಯಾಗನ್ನಾ, ಡ್ರಾಗನ್ನಾ? ಒತ್ತಿನ ಮೇಲೆ ಒತ್ತು ಬಂದ್ರೆ ಒಂದನೇ ಕ್ಲಾಸಿನವರು ಅಲ್ಲೇ ನಿಂತ್ಬಿಡ್ತಾರೆ, ಆದ್ರೆ ಉಚ್ಚಾರಕ್ಕೆ ಮೊದಲನೇದೇ ಹತ್ರ. ಅರ್ಧ ಅಡಿ ಅಕ್ಷರ, ಆಮೇಲೆ ತಿದ್ದೋಕಾಗಲ್ಲ. ಶುಕ್ರವಾರ ಸಂಜೆ ಒಳಗೆ ಹೇಳಿ.