ಸಿಲ್ವರ್‌ಗಿಂತ ಗೋಲ್ಡ್ ಪ್ಲಾನ್ ಅಗ್ಗ! ಇದೆಂಥ ಲೆಕ್ಕ?

ಡಲ್ಲಾಸ್_ಹುಡುಗ:
ಅಮೆರಿಕದ ಟೆಕ್ಸಾಸ್, 2026ರ ಮಾರ್ಕೆಟ್‌ಪ್ಲೇಸ್ (ಸರ್ಕಾರಿ ತಾಣದಲ್ಲಿ ಕೊಳ್ಳುವ) ಆರೋಗ್ಯ ವಿಮೆ ಪ್ಲಾನ್. ಸಿಲ್ವರ್‌ನಲ್ಲಿ ವಿಮೆಯವರು ಚಿಕಿತ್ಸೆ ಖರ್ಚಿನ ಸರಾಸರಿ 70% ಭರಿಸ್ತಾರೆ, ಗೋಲ್ಡ್‌ನಲ್ಲಿ 80%. ಆದ್ರೂ ಗೋಲ್ಡ್ ಪ್ರೀಮಿಯಂ ಕಡಿಮೆ ತೋರಿಸ್ತಿದೆ. ಕ್ಯಾಲಿಫೋರ್ನಿಯಾದ ಗೆಳೆಯರಿಗೆ ಹೀಗಿಲ್ಲ. ನಾನೊಬ್ಬನೇ, ಸ್ವಂತ ಕನ್ಸಲ್ಟಿಂಗ್, ಆದಾಯ 60,000 ಡಾಲರ್. ಗೋಲ್ಡ್ ತಗೊಂಡ್ರೆ ಎಲ್ಲಾದ್ರೂ ಮೋಸ ಹೋಗ್ತೀನಾ?

ಲೆಕ್ಕದ_ಮೇಷ್ಟ್ರು:
ಮೋಸ ಇಲ್ಲ. ಕಡಿಮೆ ಆದಾಯದವರ ಡಿಡಕ್ಟಿಬಲ್ (ವಿಮೆ ಶುರುವಾಗೋ ಮೊದಲು ಕೈಯಿಂದ ಭರಿಸೋ ಮೊತ್ತ), ಕೋಪೇ (ಪ್ರತಿ ಭೇಟಿಗೆ ಕಟ್ಟೋ ಪಾಲು) ಇಳಿಸಲು ಅಮೆರಿಕದ ಕೇಂದ್ರ ಸರ್ಕಾರ ವಿಮಾ ಕಂಪನಿಗಳಿಗೆ ಕೊಡ್ತಿದ್ದ ಹಣವನ್ನು 2017ರ ಅಕ್ಟೋಬರ್‌ನಲ್ಲಿ ನಿಲ್ಲಿಸಿತು. ರಿಯಾಯಿತಿ ಕೊಡುವ ಹೊಣೆ ಮಾತ್ರ ಕಂಪನಿಗಳ ಮೇಲೇ ಉಳಿಯಿತು. ಅದು ಸಿಗುವುದು ಸಿಲ್ವರ್‌ನಲ್ಲಷ್ಟೇ, ಹಾಗಾಗಿ ಖರ್ಚನ್ನು ಸಿಲ್ವರ್ ಮೇಲೇ ಹೇರಿದರು. ಎಷ್ಟು ಹೇರಬೇಕು ಅನ್ನೋದು ರಾಜ್ಯದ ನಿಯಮ. ಟೆಕ್ಸಾಸ್ 2021ರಲ್ಲಿ ಕಾನೂನು ಮಾಡಿ, 2023ರ ಪ್ಲಾನ್‌ಗಳಿಂದ ದರ ಪರಿಶೀಲನೆ ತಾನೇ ವಹಿಸಿಕೊಂಡು, ಹೇರಿಕೆಯನ್ನು ಜೋರಾಗೇ ಮಾಡಿಸಿತು.

ನಿಮಗೆ ಲಾಭ ಹೇಗೆ ಅಂದ್ರೆ, ಸಬ್ಸಿಡಿ (ಪ್ರೀಮಿಯಂಗೆ ಸರ್ಕಾರದ ನೆರವು) ಲೆಕ್ಕ ಹಾಕೋದು ಎರಡನೇ ಅತಿ ಅಗ್ಗದ ಸಿಲ್ವರ್ ಇಟ್ಟುಕೊಂಡು. ನಿಮ್ಮ ಪಾಲು ಆದಾಯದ 9.96%, ಅಂದ್ರೆ ತಿಂಗಳಿಗೆ 498 ಡಾಲರ್. ಆ ಸಿಲ್ವರ್ 650 ಇದ್ರೆ ಸಬ್ಸಿಡಿ 152. ಗೋಲ್ಡ್ 620 ಇದ್ರೆ ಕೈಯಿಂದ 468. ಸಿಲ್ವರ್ 560 ಇದ್ದಿದ್ರೆ ಇದೇ ಗೋಲ್ಡ್‌ಗೆ 558 ಕಟ್ಟಬೇಕಿತ್ತು. (ಬೆಲೆಗಳು ಉದಾಹರಣೆಗೆ.) ಒಬ್ಬರೇ ಇದ್ದು ಆದಾಯ 31,300ಕ್ಕಿಂತ ಕಡಿಮೆ ಇರೋರು ಮಾತ್ರ ಸಿಲ್ವರ್ ಬಿಡಬಾರದು, ಆ ಡಿಡಕ್ಟಿಬಲ್ ರಿಯಾಯಿತಿಯಿಂದ ಅವರಿಗೆ ಅದೇ ಗೋಲ್ಡ್‌ಗಿಂತ ಮೇಲು.

ಸ್ಯಾನ್‌ಹೋಸೆ_ಸಾರು:
ನಮ್ಮಲ್ಲಿ ಹೇರಿಕೆ ಕವರ್ಡ್ ಕ್ಯಾಲಿಫೋರ್ನಿಯಾದ (ರಾಜ್ಯದ ಮಾರ್ಕೆಟ್‌ಪ್ಲೇಸ್) ಸಿಲ್ವರ್ ಮೇಲೆ ಮಾತ್ರ. ಸಬ್ಸಿಡಿ ಸಿಗದವರು ಅಂಥದ್ದೇ ಸಿಲ್ವರ್ ಅನ್ನು ಕಂಪನಿಯಿಂದ ನೇರ ಕೊಂಡರೆ ಅಗ್ಗ. ವಿಮೆ ಇಲ್ಲದಿದ್ರೆ ರಾಜ್ಯಕ್ಕೆ ದಂಡ ಬೇರೆ. ಟೆಕ್ಸಾಸ್‌ನಲ್ಲಿ ಆ ಕಾಟ ಇಲ್ಲ.

ಫಾರ್ಮ್_8962:
ಮೇಷ್ಟ್ರ ಲೆಕ್ಕ ಸರಿ, ಅಪಾಯ ಇರೋದು ಬೇರೆ ಕಡೆ. ಹೆಚ್ಚುವರಿ ಸಬ್ಸಿಡಿ 2025ರ ಡಿಸೆಂಬರ್ 31ಕ್ಕೆ ಮುಗಿದು ಹಳೇ ಆದಾಯ ಮಿತಿ ಮರಳಿದೆ: ಒಬ್ಬರಿಗೆ 62,600, ನಾಲ್ವರ ಮನೆಗೆ 1,28,600. ಒಂದು ಡಾಲರ್ ದಾಟಿದರೂ ಸಬ್ಸಿಡಿ ಪೂರ್ತಿ ವಾಪಸ್ ಕಟ್ಟಬೇಕು. ಮಿತಿಯೊಳಗೆ ಇರೋರು ವಾಪಸ್ ಕಟ್ಟೋ ಮೊತ್ತಕ್ಕೆ ಮೊದಲಿದ್ದ ಗರಿಷ್ಠ ಮಿತಿಯನ್ನೂ 2026ರಿಂದ ತೆಗೆದಿದ್ದಾರೆ. ನಿಮಗಿರೋದು 2,600 ಡಾಲರ್ ಜಾಗ ಅಷ್ಟೇ.

ಜಾರುವುದು ಇಲ್ಲೇ: ಊರಿನ ಬ್ಯಾಂಕಿನ ಎನ್‌ಆರ್‌ಇ (ಅನಿವಾಸಿ ಭಾರತೀಯರ ಖಾತೆ) ಎಫ್‌ಡಿ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಅಮೆರಿಕದಲ್ಲಿ ಇದೆ. ಊರಿನ ಮನೆಯಿಂದ ಬರೋ ಬಾಡಿಗೆಯೂ ಆದಾಯಕ್ಕೆ ಸೇರುತ್ತೆ. ದಾಟುವಂತಿದ್ರೆ ಲೆಕ್ಕದ ಆದಾಯ ಇಳಿಸೋಕೆ ಟ್ರೆಡಿಷನಲ್ ಐಆರ್‌ಎಗೆ (ನಿವೃತ್ತಿ ಉಳಿತಾಯ ಖಾತೆ) 7,500ರವರೆಗೆ ಹಾಕಬಹುದು, 2027ರ ಏಪ್ರಿಲ್ 15ರ ತನಕ ಸಮಯ ಇದೆ. ಎಚ್‌ಎಸ್‌ಎ (ಚಿಕಿತ್ಸೆ ಖರ್ಚಿಗೆ ತೆರಿಗೆ ಇಲ್ಲದ ಉಳಿತಾಯ ಖಾತೆ) ನೆಚ್ಚಿಕೊಂಡು ಗೋಲ್ಡ್ ತಗೋಬೇಡಿ. 2026ರಿಂದ ಬ್ರಾಂಜ್ ಪ್ಲಾನ್‌ಗಳಿಗೆ ಆ ಅರ್ಹತೆ ಬಂತು, ಗೋಲ್ಡ್‌ಗೆ ಬಂದಿಲ್ಲ.

ಲೆಕ್ಕದ_ಮೇಷ್ಟ್ರು:
ಎನ್‌ಆರ್‌ಇ ವಿಷಯ ನನಗೆ ಹೊಳೆದಿರಲಿಲ್ಲ, ಒಳ್ಳೇದಾಯ್ತು. ಇನ್ನೊಂದು: ಕಂಪನಿಗಳು ದರ ಸಲ್ಲಿಸೋದು ಬೇಸಿಗೆಯಲ್ಲಿ, ಕಾಂಗ್ರೆಸ್ (ಅಮೆರಿಕದ ಸಂಸತ್ತು) ತೀರ್ಮಾನ ಮಾಡೋದು ಚಳಿಗಾಲದಲ್ಲಿ. ಸಬ್ಸಿಡಿ ಹೋದ್ರೆ ಆರೋಗ್ಯವಂತರು ಬಿಟ್ಟು ಹೋಗ್ತಾರೆ ಅಂತ ಅಂದಾಜಿಸಿ 2026ರ ದರ ಮೊದಲೇ ಏರಿಸಿಟ್ಟಿದ್ರು. 2017ರಲ್ಲಿ ನಿಂತ ಆ ಹಣ ಕಂಪನಿಗಳಿಗೆ ಮತ್ತೆ ಬರೋಕೆ ಶುರುವಾದ್ರೆ ಸಿಲ್ವರ್ ಇಳಿದು, ಅದರ ಜೊತೆ ನಿಮ್ಮ ಸಬ್ಸಿಡಿಯೂ ಇಳಿಯುತ್ತೆ. 2025ರಲ್ಲಿ ಕೆಳಮನೆಯ ಮಸೂದೆಯಲ್ಲೇ ಅದಿತ್ತು, ಸೆನೆಟ್‌ನಲ್ಲಿ ಬಿದ್ದುಹೋಯ್ತು. ಹಾಗಾಗಿ ಮುಂದಿನ ವರ್ಷದ ನೋಂದಣಿ ಶುರುವಾಗೋ ನವೆಂಬರ್ 1ಕ್ಕೆ ಲಾಗಿನ್ ಆಗಿ ಹೊಸದಾಗಿ ಹೋಲಿಸಿ, ಹಳೇ ಪ್ಲಾನ್ ತಾನಾಗೇ ರಿನ್ಯೂ ಆಗೋಕೆ ಬಿಡಬೇಡಿ.