ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ ಪೆನ್ ಇನ್ಸುಲಿನ್ ಎಳೆಯಬಹುದಾ?

ಹೊಸದುರ್ಗ_ಮಗಳು: ಅಮ್ಮನಿಗೆ 30/70 ಇನ್ಸುಲಿನ್, ಬೆಳಿಗ್ಗೆ 20 ಯೂನಿಟ್, ರಾತ್ರಿ 12. ಇಷ್ಟು ದಿನ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ ಎಳೆದು ಕೊಡ್ತಿದ್ವಿ. ಈ ಸಲ ಮೆಡಿಕಲ್ ಶಾಪ್‌ನವರು ಪೆನ್‌ಗೆ ಹಾಕೋ ಕಾರ್ಟ್ರಿಡ್ಜ್ ಕೊಟ್ಟಿದ್ದಾರೆ, ಪೆನ್ ನಮ್ಮ ಹತ್ರ ಇಲ್ಲ. ಹಳೇ ಸಿರಿಂಜಲ್ಲೇ 20ರ ಗೆರೆವರೆಗೆ ಎಳೆದ್ರೆ ಆಗುತ್ತಾ? ಇನ್ನೊಂದು, ಕರೆಂಟ್ ಐದಾರು ಗಂಟೆ ಹೋದ್ರೆ ಫ್ರಿಜ್ಜಲ್ಲಿರೋ ಇನ್ಸುಲಿನ್ ಕೆಡುತ್ತಾ?

ಔಷಧಿ_ಕೌಂಟರ್: ದಯವಿಟ್ಟು ಎಳೆಯಬೇಡಿ. ಕೆಂಪು ಮುಚ್ಚಳದ ಸಿರಿಂಜ್ ಇರೋದು 1 ಎಂಎಲ್‌ಗೆ 40 ಯೂನಿಟ್ ಇರುವ ಬಾಟಲಿಗೆ. ಕಾರ್ಟ್ರಿಡ್ಜ್‌ನಲ್ಲಿ 1 ಎಂಎಲ್‌ಗೆ 100 ಯೂನಿಟ್ ಇರುತ್ತೆ. 20ರ ಗೆರೆ ಅಂದ್ರೆ ಅರ್ಧ ಎಂಎಲ್. ಅಷ್ಟು ಕಾರ್ಟ್ರಿಡ್ಜ್ ಇನ್ಸುಲಿನ್ ಒಳಗೆ ಹೋದ್ರೆ 20 ಅಲ್ಲ, 50 ಯೂನಿಟ್. ಜೀವಕ್ಕೇ ಅಪಾಯ. ಉಲ್ಟಾ ತಪ್ಪೂ ನಡೆಯುತ್ತೆ: 40ರ ಬಾಟಲಿಗೆ ಕಿತ್ತಳೆ ಮುಚ್ಚಳದ ಸಿರಿಂಜ್ (ಅದು 1 ಎಂಎಲ್‌ಗೆ 100 ಯೂನಿಟ್ ಇರೋ ಇನ್ಸುಲಿನ್‌ಗೆ) ಹಾಕಿದ್ರೆ 20ರ ಗೆರೆಗೆ ಬರೋದು ಬರೀ 8 ಯೂನಿಟ್, ಶುಗರ್ ಯಾಕೆ ಇಳೀತಿಲ್ಲ ಅಂತ ತಲೆಕೆಡಿಸಿಕೊಳ್ಳಬೇಕಾಗುತ್ತೆ. ಗುಣಿಸಿ ಭಾಗಿಸಿ ಹೊಂದಿಸೋಕೂ ಹೋಗಬೇಡಿ. ಕಾರ್ಟ್ರಿಡ್ಜ್ ವಾಪಸ್ ಕೊಟ್ಟು, ಚೀಟಿಯಲ್ಲಿರೋ ಹೆಸರಿನದ್ದೇ 40ರ ಬಾಟಲಿ ಇವತ್ತೇ ತನ್ನಿ. ಸಿಗದಿದ್ರೆ ಮುಂದಿನ ಡೋಸ್‌ಗೆ ಮೊದಲೇ ಡಾಕ್ಟರಿಗೆ ಫೋನ್ ಮಾಡಿ.

ಹೊಸದುರ್ಗ_ಮಗಳು: ಸದ್ಯ, ಕೇಳಿದ್ದು ಒಳ್ಳೇದಾಯ್ತು. ಈಗಲೇ ಹೋಗ್ತೀನಿ.

ಶುಗರ್_ಕ್ಲಿನಿಕ್_ನರ್ಸ್: ಕರೆಂಟ್ ವಿಷಯಕ್ಕೆ ಗಾಬರಿ ಬೇಡ, ಐದಾರು ಗಂಟೆಗೆ ಏನೂ ಆಗಲ್ಲ. ಬಾಗಿಲು ತೆಗೆಯದಿದ್ರೆ ಸಾಕು. ಬಳಸ್ತಿರೋ ಬಾಟಲಿಯನ್ನ ತಂಪು ಜಾಗದಲ್ಲಿ ಹೊರಗೇ ಸುಮಾರು ನಾಲ್ಕು ವಾರ ಇಡಬಹುದು. ತೆರೆದ ತಾರೀಖು ಅದರ ಮೇಲೇ ಬರೆದಿಡಿ. ಬೇಸಿಗೆಯಲ್ಲಾದ್ರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಒದ್ದೆ ಮರಳಿನ ಮೇಲೆ ಮಣ್ಣಿನ ಮಡಕೆಯೊಳಗೆ ಇಡಿ. ನಿಜವಾಗಿ ಕೆಡಿಸೋದು ಫ್ರೀಜರ್. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ್ರೂ ಬಳಸಬಾರದು, ಎಸೆದುಬಿಡಿ.

30/70 ಹಾಲಿನ ಬಣ್ಣದ್ದು, ತಳದಲ್ಲಿ ಬಿಳಿ ಕೂತಿರುತ್ತೆ. ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ, ಎಲ್ಲಾ ಒಂದೇ ಸಮ ಆಗೋವರೆಗೆ. ಜೋರಾಗಿ ಕುಲುಕಿದ್ರೆ ಗುಳ್ಳೆ ಬಂದು ಅಳತೆ ತಪ್ಪುತ್ತೆ. ಉರುಳಿಸಿದ ಮೇಲೂ ಗಂಟು ಉಳಿದಿದ್ರೆ ಬೇಡ.

ಔಷಧಿ_ಕೌಂಟರ್: ಹೊಟ್ಟೆಯಲ್ಲಿ ಒಂದೇ ಜಾಗಕ್ಕೆ ಚುಚ್ಚಿ ಗಡ್ಡೆ ಆಗಿದ್ಯಾ ಅಂತಾನೂ ಮುಟ್ಟಿ ನೋಡಿ. ಗಡ್ಡೆಯಲ್ಲಿ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳಲ್ಲ. ಹಾಗಂತ ತಕ್ಷಣ ಹೊಸ ಜಾಗಕ್ಕೆ ಅದೇ ಡೋಸ್ ಕೊಟ್ರೆ ಶುಗರ್ ತೀರಾ ಇಳೀಬಹುದು, ಡಾಕ್ಟರನ್ನ ಕೇಳಿಯೇ ಬದಲಾಯಿಸಿ. ಬೆವರು, ನಡುಕ ಬಂದು ಶುಗರ್ 70ಕ್ಕಿಂತ ಕಡಿಮೆ ಇದ್ರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಏನೂ ಹಾಕಬೇಡಿ, ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.